ಅರಿವಿಲ್ಲದೆ ಅಳಿಯುವ ನೋಟ: ಗ್ಲಾಕೋಮವೆಂಬ ಕಣ್ಣಿನ ರೋಗ

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮೇಲೆಂಬ ಮಾತನ್ನು ಒಪ್ಪದವರು ಯಾರೂ ಇಲ್ಲ. ಆದರೂ ಹಲ್ಲಿಗೆ ಹೊಟ್ಟೆಗೆ ಕೊಡುವಷ್ಟು ಗಮನವನ್ನು ನಾವು ಕಣ್ಣಿಗೆ ಕೊಡುವುದಿಲ್ಲ. ಅದಕ್ಕೆ ಕಾರಣವೂ ಉಂಟು. ಹಲ್ಲು ಕೆಟ್ಟರೆ ನೋಯುತ್ತದೆ, ಹೊಟ್ಟೆ ಕೆಟ್ಟರೆ ಅನ್ನ ಸೇರುವುದಿಲ್ಲ. ನೋವೇ ನಮ್ಮನ್ನು ವೈದ್ಯರ ಬಳಿಗೆ ಅಟ್ಟುತ್ತದೆ. ಆದರೆ ಕಣ್ಣಿಗೆ ಬರುವ ಕೇಡುಗಳಲ್ಲಿ ಒಂದು, ನೋವನ್ನಾಗಲಿ ಕೆಂಪನ್ನಾಗಲಿ ತೋರಿಸದೆ, ವರ್ಷಗಟ್ಟಲೆ ಒಳಗೊಳಗೇ ಕೆಲಸ ಮಾಡಿ, ಅರ್ಧದಷ್ಟು ನೋಟವನ್ನು ಅಪಹರಿಸಿದ ಮೇಲೆ ತನ್ನ ಇರವನ್ನು ತಿಳಿಸುತ್ತದೆ. ಅದರ ಹೆಸರು ಗ್ಲಾಕೋಮ. ನಮ್ಮ ಜನರು ಇದನ್ನು ‘ಕಣ್ಣಿನ ಒತ್ತಡ’ವೆಂದೂ ‘ಕಣ್ಣಿನ ಬಿ.ಪಿ.’ ಎಂದೂ ಕರೆಯುವುದುಂಟು. ಈ ರೋಗವು ಕಣ್ಣಿನ ನರವನ್ನು ಹೇಗೆ ಕೆಡಿಸುತ್ತದೆ, ಗೃಹಸ್ಥರು ಇದರ ವಿಷಯದಲ್ಲಿ ಯಾವ ಎಚ್ಚರವನ್ನು ವಹಿಸತಕ್ಕದ್ದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪೊರೆ ಬೇರೆ, ಗ್ಲಾಕೋಮ ಬೇರೆ

ವಯಸ್ಸಾದವರ ಕಣ್ಣು ಮಂಜಾದರೆ ಮನೆಯವರೆಲ್ಲರೂ ಹೇಳುವುದು ಒಂದೇ ಮಾತು: “ಪೊರೆ ಬಂದಿದೆ, ಹಣ್ಣಾಗಲಿ, ಆಮೇಲೆ ತೆಗೆಸೋಣ.” ಈ ಮಾತಿನ ಹಿಂದೆ ಬಹುಕಾಲದ ಅನುಭವವಿದೆ. ಕನ್ನಡನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೂ ಹೋಗಿ ಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರ ಪೊರೆಯನ್ನು ತೆಗೆದು ಬೆಳಕು ಕೊಟ್ಟರು. ಕೈಹಿಡಿದು ನಡೆಸಿಕೊಂಡು ಹೋದ ಮುದುಕರು ತಾವೇ ನಡೆದು ಮನೆಗೆ ಬಂದುದನ್ನು ನಮ್ಮ ಹಳ್ಳಿಗಳು ಕಣ್ಣಾರೆ ಕಂಡಿವೆ. ಆದುದರಿಂದ, ಹೋದ ದೃಷ್ಟಿಯು ಶಸ್ತ್ರಚಿಕಿತ್ಸೆಯಿಂದ ಮರಳಿ ಬರುತ್ತದೆಯೆಂಬ ನಂಬಿಕೆ ಜನರಲ್ಲಿ ಬೇರೂರಿದೆ.

ಪೊರೆಯ ಮಟ್ಟಿಗೆ ಈ ನಂಬಿಕೆ ನಿಜ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವು ಮಸುಕಾಗುವುದು. ಕಿಟಕಿಯ ಗಾಜು ಮಾಸಿದಂತೆ. ಗಾಜನ್ನು ಬದಲಾಯಿಸಿದರೆ ಬೆಳಕು ಮೊದಲಿನಂತೆಯೇ ಒಳಕ್ಕೆ ಬರುತ್ತದೆ. ಗ್ಲಾಕೋಮದ ವಿಷಯ ಹಾಗಲ್ಲ. ಅದು ಕೆಡಿಸುವುದು ಗಾಜನ್ನಲ್ಲ, ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು. ಒಮ್ಮೆ ಸತ್ತ ನರವನ್ನು ಮತ್ತೆ ಚಿಗುರಿಸುವ ವಿದ್ಯೆ ಈವರೆಗೆ ವೈದ್ಯರ ಕೈವಶವಾಗಿಲ್ಲ. ಹೀಗಿರುವಾಗ, ಗ್ಲಾಕೋಮ ಬಂದಿರುವ ಕಣ್ಣಿಗೆ ಪೊರೆಯೆಂದು ತಾವೇ ಹೆಸರಿಟ್ಟು ಅದು ಹಣ್ಣಾಗುವುದನ್ನು ಕಾಯುತ್ತ ಕೂತರೆ, ಕಾದ ಪ್ರತಿ ತಿಂಗಳೂ ನಷ್ಟವೇ. ಎರಡು ರೋಗಗಳೂ ಒಂದೇ ಕಣ್ಣಿನಲ್ಲಿ ಜೊತೆಯಾಗಿ ಇರುವುದೂ ಉಂಟು.

ಶಿವನಸಮುದ್ರದ ತಂತಿ

ನರದ ಕೆಲಸವನ್ನು ತಿಳಿಯಲು ಕೋಲಾರದ ಚಿನ್ನದ ಗಣಿ ಸೀಮೆಯವರು ದೂರ ಹೋಗಬೇಕಾಗಿಲ್ಲ. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುಚ್ಛಕ್ತಿಯನ್ನು ಸುಮಾರು ೯೨ ಮೈಲಿಗಳ ತಂತಿಯ ಮೂಲಕ ಕೆ.ಜಿ.ಎಫ್.ಗೆ ತಂದರು. ಶಿವನಸಮುದ್ರದಲ್ಲಿ ಯಂತ್ರಗಳು ಚೆನ್ನಾಗಿ ತಿರುಗುತ್ತಿರಬಹುದು. ಊರಿಗಾಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ದೀಪಗಳೂ ಸುಸ್ಥಿತಿಯಲ್ಲಿರಬಹುದು. ಆದರೆ ನಡುದಾರಿಯಲ್ಲಿ ತಂತಿ ತುಂಡಾದರೆ ಗಣಿಯೆಲ್ಲ ಕತ್ತಲೆ. ನಮ್ಮ ದೃಷ್ಟಿಯೂ ಹೀಗೆಯೇ. ಕಣ್ಣು ಚಿತ್ರವನ್ನು ಹಿಡಿಯುವ ಸ್ಥಳ, ಮಿದುಳು ಅದನ್ನು ಕಾಣುವ ಸ್ಥಳ. ಇವೆರಡನ್ನೂ ಕೂಡಿಸುವ ತಂತಿಯೇ ದೃಷ್ಟಿನರ.

ಆದರೆ ಇದು ಒಂಟಿ ತಂತಿಯಲ್ಲ. ಕಣ್ಣಿನ ಒಳಗೋಡೆಗೆ ಅಕ್ಷಿಪಟಲವೆಂಬ ತೆಳುವಾದ ಪದರವು ಅಂಟಿಕೊಂಡಿದೆ. ಆ ಪದರದ ಮೂಲೆ ಮೂಲೆಗಳಿಂದಲೂ ಹೊರಟ ಸುಮಾರು ಹತ್ತು ಲಕ್ಷಕ್ಕೂ ಮೇಲ್ಪಟ್ಟ ಅತಿ ಸೂಕ್ಷ್ಮವಾದ ಎಳೆಗಳು ಕಣ್ಣಿನ ಹಿಂಭಾಗದಲ್ಲಿ ಒಂದೆಡೆ ಸೇರಿ, ಹಗ್ಗದಂತೆ ಹೆಣೆದುಕೊಂಡು, ಹೊರಕ್ಕೆ ಹೋಗುತ್ತವೆ. ಒಂದೊಂದು ಎಳೆಯೂ ನೋಟದ ಒಂದೊಂದು ಅಲ್ಪ ಭಾಗದ ಸುದ್ದಿಯನ್ನು ಒಯ್ಯುತ್ತದೆ. ಎಳೆಗಳು ಹೊರಬೀಳುವ ಬಾಗಿಲಿನಲ್ಲಿ ಜರಡಿಯಂಥ ರಂಧ್ರಗಳುಳ್ಳ ಒಂದು ತೆಳು ತಟ್ಟೆಯಿದೆ. ಕಣ್ಣುಗುಡ್ಡೆಯ ಗೋಡೆಯಲ್ಲಿ ಅತ್ಯಂತ ದುರ್ಬಲವಾದ ಜಾಗ ಇದೇ. ಗ್ಲಾಕೋಮದ ಪೆಟ್ಟು ಬೀಳುವುದೂ ಇಲ್ಲಿಯೇ.

ಒಳಹರಿವು, ಹೊರಹರಿವು

ಕಣ್ಣಿನ ಮುಂಭಾಗದಲ್ಲಿ ನೀರಿನಂಥ ತಿಳಿಯಾದ ಒಂದು ರಸವು ಹಗಲಿರುಳೂ ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ; ಕಣ್ಣೀರು ಹೊರಗಿನದು, ಇದು ಕಣ್ಣಿನ ಒಳಗಿನದು. ದಿನವೊಂದಕ್ಕೆ ಸುಮಾರು ಮೂರು ಮಿಲಿಲೀಟರ್, ಎಂದರೆ ಒಂದು ಚಿಕ್ಕ ಚಮಚೆಯೂ ತುಂಬದಷ್ಟು. ರಕ್ತನಾಳಗಳಿಲ್ಲದ ಮಸೂರಕ್ಕೂ ಕಣ್ಣಿನ ಮುಂದಿನ ಪಾರದರ್ಶಕವಾದ ಹೊದಿಕೆಗೂ ಇದೇ ಆಹಾರ. ಕೆಲಸ ಮುಗಿಸಿದ ರಸವು, ಪಾಪೆಯ ಸುತ್ತಲಿನ ಬಣ್ಣದ ತೆರೆಯೂ ಮುಂದಿನ ಹೊದಿಕೆಯೂ ಕೂಡುವ ಮೂಲೆಯಲ್ಲಿರುವ ಜಾಲದಂಥ ದಾರಿಯ ಮೂಲಕ ಹೊರಹೋಗಿ ರಕ್ತವನ್ನು ಸೇರುತ್ತದೆ.

ಒಳಹರಿವೂ ಹೊರಹರಿವೂ ಸಮನಾಗಿರುವವರೆಗೆ ಕಣ್ಣಿನ ಒತ್ತಡವು ಹಿತವಾಗಿರುತ್ತದೆ. ಹೆಚ್ಚಿನ ಜನರಲ್ಲಿ ಇದು ಪಾದರಸದ ೧೦ರಿಂದ ೨೧ ಮಿಲಿಮೀಟರ್‌ಗಳವರೆಗೆ ಇರುವುದು. ಹೊರದಾರಿ ಕಟ್ಟಿಕೊಂಡರೆ ಏನಾಗುತ್ತದೆಂಬುದನ್ನು ಗಣಿಯ ಜನರು ಬಲ್ಲರು. ಭೂಮಿಯ ಆಳದಲ್ಲಿ ಜಿನುಗುವ ನೀರನ್ನು ಎಡೆಬಿಡದೆ ಮೇಲಕ್ಕೆತ್ತುತ್ತಿದ್ದುದರಿಂದಲೇ ಅಲ್ಲಿ ಮನುಷ್ಯರು ಕೆಲಸ ಮಾಡುವಂತಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿ, ಆ ಬಳಿಕ ನೀರೆತ್ತುವ ಯಂತ್ರಗಳೂ ನಿಂತ ಮೇಲೆ, ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಕಣ್ಣಿನಲ್ಲಿಯೂ ಹೊರಹೋಗುವ ದಾರಿ ಬಿಗಿದಾಗ ರಸವು ನಿಂತು ಒತ್ತಡವೇರುತ್ತದೆ.

ಏರಿದ ಒತ್ತಡವು ಹಿಂಭಾಗದ ಜರಡಿ ತಟ್ಟೆಯನ್ನು ಹೊರಕ್ಕೆ ಬಾಗಿಸುತ್ತದೆ. ಅದರ ರಂಧ್ರಗಳು ಓರೆಯಾಗಿ ಅವುಗಳ ನಡುವೆ ಹಾದುಹೋಗುವ ಎಳೆಗಳು ಹಿಸುಕಿದಂತಾಗುತ್ತವೆ, ಎಳೆಗಳ ಒಳಗೆ ನಡೆಯುವ ಪೋಷಕ ದ್ರವ್ಯಗಳ ಸಂಚಾರ ತಡೆಯುತ್ತದೆ, ರಕ್ತಸಂಚಾರವೂ ಕುಗ್ಗುತ್ತದೆ. ಹೀಗೆ ಒಂದೊಂದೇ ಎಳೆ ಸಾಯುತ್ತದೆ. ವೈದ್ಯರು ಉಪಕರಣದ ಸಹಾಯದಿಂದ ಪಾಪೆಯ ಮೂಲಕ ನೋಡಿದಾಗ, ನರದ ತಲೆಯ ನಡುವೆ ಸಹಜವಾಗಿರುವ ಚಿಕ್ಕ ಕುಳಿಯು ಅಗಲವೂ ಆಳವೂ ಆಗಿ, ಬಟ್ಟಲಿನಂತೆ ಕಾಣುತ್ತದೆ. ಬಟ್ಟಲು ದೊಡ್ಡದಾದಷ್ಟೂ ಉಳಿದಿರುವ ಎಳೆಗಳು ಕಡಿಮೆಯೆಂದು ತಿಳಿಯತಕ್ಕದ್ದು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಒತ್ತಡ ಹೆಚ್ಚಿದವರಿಗೆಲ್ಲ ನರ ಕೆಡುವುದೂ ಇಲ್ಲ; ಒತ್ತಡ ಮಿತಿಯಲ್ಲಿದ್ದವರಿಗೆಲ್ಲ ನರ ಕ್ಷೇಮವಾಗಿರುವುದೂ ಇಲ್ಲ. ಕೆಲವರ ನರವು ಸಾಮಾನ್ಯವಾದ ಒತ್ತಡವನ್ನೂ ತಾಳಲಾರದು. ಆದಕಾರಣ ಒತ್ತಡವನ್ನು ಅಳೆದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ನರವನ್ನು ಕಂಡೇ ತೀರಬೇಕು.

ನೋಟವು ಅಂಚಿನಿಂದ ಕುಗ್ಗುವ ಬಗೆ

ಇಷ್ಟು ದೊಡ್ಡ ಕೇಡು ನಡೆಯುತ್ತಿದ್ದರೂ ರೋಗಿಗೆ ತಿಳಿಯದಿರುವುದು ಹೇಗೆಂದು ವಾಚಕರು ಕೇಳಬಹುದು. ಗ್ಲಾಕೋಮವು ಸಾಮಾನ್ಯವಾಗಿ ನೋಟದ ಮಧ್ಯಭಾಗವನ್ನು ಕಡೆಗೆ ಉಳಿಸಿಕೊಂಡು, ಸುತ್ತಲಿನ ಭಾಗವನ್ನು ಮೊದಲು ತಿನ್ನುತ್ತದೆ. ಓದುವುದು, ಅಕ್ಕಿಯಲ್ಲಿ ಕಲ್ಲನ್ನಾರಿಸುವುದು, ಸೂಜಿಗೆ ದಾರ ಪೋಣಿಸುವುದು ಇವೆಲ್ಲವೂ ಮಧ್ಯಭಾಗದ ನೋಟದ ಕೆಲಸಗಳು. ಇವುಗಳಿಗೆ ಬಹುಕಾಲ ಕುಂದುಂಟಾಗುವುದಿಲ್ಲ. ಒಂದು ಕಣ್ಣು ಕಾಣದ ಜಾಗವನ್ನು ಇನ್ನೊಂದು ಕಣ್ಣು ಕಂಡು ತೋರಿಸುತ್ತದೆ. ಎರಡೂ ಕಾಣದ ಕಡೆ, ಅಕ್ಕಪಕ್ಕದ ಚಿತ್ರದಿಂದ ಮಿದುಳೇ ತೇಪೆ ಹಾಕಿ ಮುಚ್ಚಿಬಿಡುತ್ತದೆ. ಆದುದರಿಂದ ರೋಗಿಯ ಎದುರಿಗೆ ಕಪ್ಪು ಕಲೆಯೇನೂ ಕಾಣುವುದಿಲ್ಲ. ಅಲ್ಲಿ ಏನೋ ಇಲ್ಲವೆಂಬುದೇ ಅವನಿಗೆ ಗೊತ್ತಾಗುವುದಿಲ್ಲ.

ಮನೆಯವರು ಗಮನಿಸಿದರೆ ಕೆಲವು ಸೂಚನೆಗಳು ದೊರೆತಾವು. ಪಕ್ಕದಲ್ಲಿಟ್ಟ ಕಾಫಿಯ ಲೋಟಕ್ಕೆ ಕೈ ತಗಲಿ ಉರುಳುವುದು, ಹೊಸಲನ್ನು ಎಡವುವುದು, ಬಂಗಾರಪೇಟೆಯಂಥ ಜನಜಂಗುಳಿಯ ಜಂಕ್ಷನ್ನಿನಲ್ಲಿ ಪಕ್ಕದಿಂದ ಬಂದವರಿಗೆ ಪದೇ ಪದೇ ಡಿಕ್ಕಿ ಹೊಡೆಯುವುದು, ಮಬ್ಬುಗತ್ತಲೆಯಲ್ಲಿ ಮೆಟ್ಟಿಲು ತಪ್ಪುವುದು ಇವೆಲ್ಲವನ್ನೂ ನಾವು ‘ಅಜಾಗರೂಕತೆ’ಯೆಂದೋ ‘ವಯಸ್ಸಾಯಿತು’ ಎಂದೋ ತಳ್ಳಿಹಾಕುತ್ತೇವೆ. ಬೈಯುವ ಮೊದಲು ಆ ಹಿರಿಯರ ಕಣ್ಣನ್ನು ಪರೀಕ್ಷೆ ಮಾಡಿಸುವುದು ನ್ಯಾಯ. ಆದರೆ ಇಂಥ ಸೂಚನೆಗಳು ಕಾಣುವ ಹೊತ್ತಿಗೆ ರೋಗವು ಬಹು ದೂರ ಸಾಗಿರುತ್ತದೆಂಬುದನ್ನೂ ನೆನಪಿಡಬೇಕು. ಕಡೆಗೆ ಉಳಿಯುವುದು ಕೊಳವೆಯ ಮೂಲಕ ನೋಡಿದಂಥ ಕಿರಿದಾದ ನೋಟ. ಅದೂ ಆರಿದರೆ ಪೂರ್ಣ ಅಂಧತೆ.

ಈ ಅರಿವಿಲ್ಲದಿಕೆ ಎಷ್ಟು ವ್ಯಾಪಕವೆಂಬುದಕ್ಕೆ ನೆರೆಯ ತಮಿಳುನಾಡಿನ ಒಂದು ಸಮೀಕ್ಷೆ ಸಾಕ್ಷಿ. ಅರವಿಂದ ಕಣ್ಣಾಸ್ಪತ್ರೆಯವರು ಅಲ್ಲಿನ ಗ್ರಾಮಾಂತರದಲ್ಲಿ ೪೦ ದಾಟಿದವರನ್ನು ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರಕ್ಕೆ ಎರಡೂವರೆಗಿಂತ ತುಸು ಹೆಚ್ಚು ಜನರಿಗೆ ಈ ರೋಗವಿತ್ತು; ಹಾಗೆ ರೋಗವಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ. ಭಾರತದಲ್ಲಿ ೪೦ ದಾಟಿದವರಲ್ಲಿ ಗ್ಲಾಕೋಮವುಳ್ಳವರು ಒಂದು ಕೋಟಿಗೆ ಮೇಲ್ಪಟ್ಟು ಇರುವರೆಂದು ೨೦೧೦ರಲ್ಲಿ ಪರಿಣತರು ಅಂದಾಜು ಮಾಡಿದರು.

ಹಠಾತ್ತಾಗಿ ಎರಗುವ ಬಗೆ

ಮೇಲೆ ಹೇಳಿದುದು ಮೆಲ್ಲಗೆ ಬರುವ ಬಗೆ. ಇದಕ್ಕೆ ವಿರುದ್ಧವಾಗಿ ಒಮ್ಮೆಗೇ ಎರಗುವ ಬಗೆಯೊಂದುಂಟು. ಕೆಲವರ ಕಣ್ಣಿನಲ್ಲಿ ರಸ ಹೊರಹೋಗುವ ಮೂಲೆಯು ಹುಟ್ಟಿನಿಂದಲೇ ಇಕ್ಕಟ್ಟಾಗಿರುತ್ತದೆ. ಹೆಂಗಸರಲ್ಲಿಯೂ, ದೂರದೃಷ್ಟಿಯ ದೋಷಕ್ಕೆ ಕನ್ನಡಕ ಹಾಕಿಕೊಂಡವರಲ್ಲಿಯೂ ಇದು ಹೆಚ್ಚು. ಸಂಜೆಯ ಮಬ್ಬಿನಲ್ಲಿ ಪಾಪೆಯು ಅಗಲವಾದಾಗ ಬಣ್ಣದ ತೆರೆಯು ಮೂಲೆಯನ್ನು ಮುಚ್ಚಿಬಿಡುವುದುಂಟು. ಆಗ ಕೆಲವೇ ಗಂಟೆಗಳಲ್ಲಿ ಒತ್ತಡವು ವಿಪರೀತವಾಗಿ ಏರಿ, ಕಣ್ಣು ಕೆಂಪಾಗಿ, ಹಣೆ ಸಿಡಿಯುವಂಥ ನೋವು, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆಗಳು, ನೋಟ ಮಸುಕು, ಜೊತೆಗೆ ವಾಂತಿ ಕಾಣಿಸುತ್ತವೆ. ವಾಂತಿಯನ್ನು ಕಂಡು ಪಿತ್ತವೆಂದು ಭಾವಿಸಿ ಕಷಾಯ ಕುಡಿಸಿ ಮಲಗಿಸುವುದು, ಅರೆದಲೆಶೂಲೆಯೆಂದು ಪಟ್ಟು ಹಾಕುವುದು ಮನೆಗಳಲ್ಲಿ ನಡೆಯತಕ್ಕ ಪ್ರಮಾದ. ಇಂಥ ಸಮಯದಲ್ಲಿ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಕ್ಕಟ್ಟಾದ ಮೂಲೆಯನ್ನು ಮುಂಚಿತವಾಗಿ ಗುರುತಿಸಿದರೆ, ಲೇಸರ್ ಕಿರಣದಿಂದ ಬಣ್ಣದ ತೆರೆಯಲ್ಲಿ ಒಂದು ಸಣ್ಣ ರಂಧ್ರ ಮಾಡಿ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಯಾರು ವಿಶೇಷವಾಗಿ ಎಚ್ಚರದಿಂದಿರಬೇಕು

ನಲವತ್ತು ದಾಟಿದವರೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ತಂದೆ, ತಾಯಿ, ಒಡಹುಟ್ಟಿದವರು ಇವರಲ್ಲಿ ಯಾರಿಗಾದರೂ ಗ್ಲಾಕೋಮವಿದ್ದರೆ ಉಳಿದವರಿಗೆ ಅದು ಬರುವ ಸಂಭವ ಹಲವು ಪಟ್ಟು ಹೆಚ್ಚು. ಆದುದರಿಂದ ಒಬ್ಬರಿಗೆ ರೋಗವೆಂದು ತಿಳಿದ ದಿನವೇ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಬೆಳೆದ ಮಕ್ಕಳಿಗೂ ಸುದ್ದಿ ಮುಟ್ಟಿಸುವುದು ಕರ್ತವ್ಯ. ಹೆಚ್ಚಾದ ಸಮೀಪದೃಷ್ಟಿಯುಳ್ಳವರು, ಮಧುಮೇಹಿಗಳು, ಕಣ್ಣಿಗೆ ಪೆಟ್ಟು ತಿಂದವರು ಇವರಿಗೂ ಎಚ್ಚರ ಬೇಕು.

ಈ ರೋಗವು ಮುದುಕರದೇ ಎಂದು ಭಾವಿಸಬಾರದು, ಹಸುಗೂಸುಗಳಿಗೂ ಬರುವುದುಂಟು. ನೆರೆಯ ಆಂಧ್ರಪ್ರದೇಶದಲ್ಲಿ ಸುಮಾರು ೩,೩೦೦ ಶಿಶುಗಳಲ್ಲಿ ಒಂದಕ್ಕೆ ಹುಟ್ಟುಗ್ಲಾಕೋಮವಿರುವುದೆಂದು ಲೆಕ್ಕ ಹಾಕಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು ಹತ್ತು ಸಾವಿರಕ್ಕೆ ಒಂದು. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧಗಳಲ್ಲಿ ಮದುವೆಯಾಗುವ ವಾಡಿಕೆಯೂ ಇದಕ್ಕೆ ಒಂದು ಕಾರಣ. ಎಳೆಯ ಕಣ್ಣಿನ ಗೋಡೆ ಮೃದುವಾದುದರಿಂದ ಒತ್ತಡಕ್ಕೆ ಕಣ್ಣುಗುಡ್ಡೆಯೇ ಹಿಗ್ಗುತ್ತದೆ. “ಮಗುವಿಗೆ ಎಷ್ಟು ಚೆಂದದ ದೊಡ್ಡ ಕಣ್ಣು!” ಎಂದು ಬಂಧುಗಳು ಮೆಚ್ಚಿ ದೃಷ್ಟಿ ತೆಗೆಯುತ್ತಿರುವಾಗ ಒಳಗೆ ನರವು ನಲುಗುತ್ತಿರಬಹುದು. ದೊಡ್ಡ ಕಣ್ಣಿನೊಡನೆ ಸದಾ ನೀರು ಸುರಿಯುವುದು, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಕಪ್ಪುಗುಡ್ಡೆ ಮಂಜಾಗಿ ಕಾಣುವುದು ಇವಿದ್ದರೆ ತಡಮಾಡಬಾರದು. ಈ ಶಿಶುಗಳಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಬೇಗ ಆದಷ್ಟೂ ಫಲ ಹೆಚ್ಚು.

ಇನ್ನೊಂದು ಕಾರಣವನ್ನು ನಾವೇ ಹಣ ಕೊಟ್ಟು ತರುತ್ತೇವೆ. ಬೇಸಿಗೆಯ ಧೂಳಿಗೆ ಮಕ್ಕಳ ಕಣ್ಣು ತುರಿಸಿದಾಗ ಔಷಧದಂಗಡಿಯಿಂದ ಸ್ಟೀರಾಯ್ಡ್ ಇರುವ ಹನಿಯನ್ನು ತಂದು ಹಾಕಿದರೆ ತುರಿಕೆ ಒಡನೆಯೇ ಶಮನವಾಗುತ್ತದೆ. ಆ ಗುಣಕ್ಕೆ ಮರುಳಾಗಿ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಅದನ್ನೇ ಹಾಕುತ್ತ ಹೋದರೆ, ಕೆಲವರಲ್ಲಿ ಒತ್ತಡವೇರಿ ನರ ಕೆಡುತ್ತದೆ. ಹಳೆಯ ಚೀಟಿಯನ್ನು ಹಿಡಿದು ಮತ್ತೆ ಮತ್ತೆ ಹನಿ ತರುವ ಅಭ್ಯಾಸವನ್ನು ಬಿಡತಕ್ಕದ್ದು.

ಚಿಕಿತ್ಸೆಯ ಕಥೆ

ಗ್ಲಾಕೋಮದ ಚಿಕಿತ್ಸೆಯ ಚರಿತ್ರೆಯಲ್ಲಿ ನಮ್ಮ ದಕ್ಷಿಣದೇಶಕ್ಕೆ ಗೌರವದ ಸ್ಥಾನವಿದೆ. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ರಚಿಸಿದ ಮೇಲೆಯೇ ನರದ ಬಟ್ಟಲು ವೈದ್ಯರ ಕಣ್ಣಿಗೆ ಬಿತ್ತು. ಕೆಲವೇ ವರ್ಷಗಳಲ್ಲಿ ಬರ್ಲಿನ್ನಿನ ಗ್ರೇಫೆ ಎಂಬವರು ಬಣ್ಣದ ತೆರೆಯ ಒಂದು ತುಂಡನ್ನು ಕತ್ತರಿಸಿ ಹಠಾತ್ ಗ್ಲಾಕೋಮವನ್ನು ಇಳಿಸಿದರು. ಆದರೆ ಮೆಲ್ಲಗೆ ಬರುವ ಬಗೆಗೆ ಅದು ಸಾಲದಾಗಿತ್ತು. ೧೮೧೯ರಲ್ಲಿ ಸ್ಥಾಪಿತವಾದ ಮದರಾಸಿನ ಸರಕಾರೀ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬವರು ೧೯೦೯ರಲ್ಲಿ ಕಣ್ಣಿನ ಬಿಳಿಭಾಗದ ಅಂಚಿನಲ್ಲಿ ಪುಟ್ಟ ದುಂಡು ರಂಧ್ರ ಕೊರೆದು ರಸಕ್ಕೆ ಹೊಸ ದಾರಿ ಮಾಡುವ ಕ್ರಮವನ್ನು ಪ್ರಚುರಪಡಿಸಿದರು. ಬಂಗಾರಪೇಟೆಯಿಂದ ರೈಲಿನಲ್ಲಿ ಒಂದು ಹಗಲಿನ ದಾರಿಯಾಗಿದ್ದ ಆ ಊರಿನ ಆಸ್ಪತ್ರೆಯ ಕ್ರಮವು ದೇಶಾಂತರಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು. ೧೯೬೮ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ಎಂಬವರು, ರಂಧ್ರದ ಮೇಲೆ ತೆಳುವಾದ ಮುಚ್ಚಳವನ್ನು ಉಳಿಸುವ ಸುರಕ್ಷಿತ ವಿಧಾನವನ್ನು ವಿವರಿಸಿದರು. ಇಂದಿಗೂ ಅದೇ ತತ್ತ್ವದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಆದರೆ ಈಗ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬಹುಮಂದಿಗೆ ದಿನಕ್ಕೆ ಒಂದೆರಡು ಸಲ ಹಾಕುವ ಹನಿಗಳೇ ಸಾಕು. ಕೆಲವರಿಗೆ ಲೇಸರ್ ಸಹಾಯಕ. ಎಲ್ಲ ಚಿಕಿತ್ಸೆಗಳ ಗುರಿಯೂ ಒಂದೇ: ಒತ್ತಡವನ್ನು ಇಳಿಸಿ, ಉಳಿದಿರುವ ಎಳೆಗಳನ್ನು ಕಾಪಾಡುವುದು. ಸ್ವೀಡನ್ನಿನಲ್ಲಿ ನಡೆದ ಒಂದು ಪ್ರಸಿದ್ಧ ಅಧ್ಯಯನದಂತೆ, ಒತ್ತಡವನ್ನು ಒಂದು ಮಿಲಿಮೀಟರ್ ಇಳಿಸಿದರೂ ರೋಗ ಮುಂದುವರಿಯುವ ಅಪಾಯವು ನೂರಕ್ಕೆ ಸುಮಾರು ಹತ್ತರಷ್ಟು ತಗ್ಗುತ್ತದೆ. ಹನಿ ಹಾಕಿದ್ದರಿಂದ ನೋಟವೇನೂ ಉತ್ತಮವಾಗುವುದಿಲ್ಲ. ಆದುದರಿಂದಲೇ ಅನೇಕರು “ಗುಣ ಕಾಣಲಿಲ್ಲ” ಎಂದು ನಿಲ್ಲಿಸಿಬಿಡುತ್ತಾರೆ. ಇದ್ದುದು ಇದ್ದಂತೆ ಉಳಿಯುವುದೇ ಇಲ್ಲಿ ಗುಣವೆಂದು ತಿಳಿಯಬೇಕು.

ಹನಿ ಹಾಕುವುದರಲ್ಲಿಯೂ ಕ್ರಮವಿದೆ. ಕೈ ತೊಳೆದು, ಕೆಳರೆಪ್ಪೆಯನ್ನು ತುಸು ಎಳೆದು, ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೃದುವಾಗಿ ಒತ್ತಿ ಹಿಡಿಯತಕ್ಕದ್ದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷಗಳ ಬಿಡುವಿರಲಿ. ಉಬ್ಬಸ ಅಥವಾ ಹೃದಯದ ತೊಂದರೆಯುಳ್ಳವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಕೆಲವು ಹನಿಗಳು ಅವರಿಗೆ ಆಗುವುದಿಲ್ಲ.

ನಮ್ಮ ಸೀಮೆಯ ಮಾತು

ಕೆ.ಜಿ.ಎಫ್. ಸೀಮೆಯ ಕಷ್ಟವನ್ನು ಬಲ್ಲವರಿಗೆ, ಈ ಉಪದೇಶವೆಲ್ಲ ಹೇಳುವಷ್ಟು ಸುಲಭವಲ್ಲವೆಂದು ಗೊತ್ತು. ಗಣಿಯೊಂದಿಗೆ ಗಣಿಯ ಆಸ್ಪತ್ರೆಯ ಆಸರೆಯೂ ತಪ್ಪಿತು. ಇಂದು ಕತ್ತಲೆಯಲ್ಲೇ ಎದ್ದು ಮಾರಿಕುಪ್ಪಂ, ಊರಿಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆ ಸೇರುವವರು ಸಾವಿರಾರು ಮಂದಿ. ಅಂಥ ಮನೆಯಲ್ಲಿ ಮಗನೋ ಮಗಳೋ ತಾಯಿಯನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು. ನೋವಿಲ್ಲದ, ಕೆಂಪಿಲ್ಲದ ಕಣ್ಣಿಗಾಗಿ ಕೂಲಿ ಬಿಡಲು ಮನಸ್ಸು ಒಪ್ಪುವುದೆಂತು? ಗ್ಲಾಕೋಮದ ಬಲವಿರುವುದೇ ಇಲ್ಲಿ.

ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಹಾಕಬೇಕು. ದೃಷ್ಟಿ ಹೋದ ಹಿರಿಯರೊಬ್ಬರನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರು ವರ್ಷಗಟ್ಟಲೆ ಕೆಲಸ ಬಿಡಬೇಕಾಗುತ್ತದೆ. ಒಂದು ದಿನದ ಕೂಲಿಯೆಲ್ಲಿ, ಅದೆಲ್ಲಿ! ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನೇತ್ರವಿಭಾಗವಿದೆ. ಬೆಂಗಳೂರಿನಲ್ಲಿ ೧೮೯೬ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಮಿಂಟೋ ಸರಕಾರೀ ಕಣ್ಣಾಸ್ಪತ್ರೆಯಿದೆ. ಹೋದಾಗ ಕನ್ನಡಕದ ನಂಬರನ್ನು ಮಾತ್ರ ಬರೆಸಿಕೊಂಡು ಬರಬಾರದು. “ಕಣ್ಣಿನ ಒತ್ತಡವನ್ನು ಅಳೆದು, ನರವನ್ನೂ ನೋಡಿ ಹೇಳಿ” ಎಂದು ಬಾಯಿಬಿಟ್ಟು ಕೇಳತಕ್ಕದ್ದು. ಸಂದೇಹವಿದ್ದರೆ ಸುತ್ತಲಿನ ನೋಟವನ್ನು ಅಳೆಯುವ ಪರೀಕ್ಷೆಯನ್ನೂ ಅವರು ಮಾಡುತ್ತಾರೆ. ಯಾವುದರಲ್ಲಿಯೂ ನೋವಿಲ್ಲ. ಪಾಪೆ ಅಗಲಿಸುವ ಔಷಧದಿಂದ ಕೆಲವು ಗಂಟೆ ಕಣ್ಣು ಮಂಜಾಗಿರುವುದರಿಂದ ಜೊತೆಗೊಬ್ಬರಿರುವುದು ಒಳ್ಳೆಯದು.

ಕಣ್ಣು ಹೋದ ಮೇಲೆ ಸೂರ್ಯನಮಸ್ಕಾರ ಮಾಡಿದರೆಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಮಿಕ್ಕ ರೋಗಗಳ ಮಟ್ಟಿಗೆ ಅದು ಉಪಮೆ. ಗ್ಲಾಕೋಮದ ಮಟ್ಟಿಗೆ ಅಕ್ಷರಶಃ ಸತ್ಯ. ಹೋದ ಎಳೆಗಳನ್ನು ಯಾರೂ ತಂದುಕೊಡಲಾರರು. ಇರುವ ಎಳೆಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಈ ಸಂಚಿಕೆಯನ್ನು ಓದಿ ಕೆಳಗಿಡುವ ಮುನ್ನ, ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರು ಯಾರು ಯಾರು, ಅವರಲ್ಲಿ ಕಣ್ಣಿನ ನರವನ್ನು ಪರೀಕ್ಷೆ ಮಾಡಿಸಿಕೊಂಡವರೆಷ್ಟು ಎಂಬುದನ್ನು ಒಮ್ಮೆ ಎಣಿಸಿ ನೋಡಿ. ಬಿಟ್ಟುಹೋದವರ ಹೆಸರಿನ ಮುಂದೆ ಒಂದು ದಿನವನ್ನು ಗೊತ್ತುಮಾಡಿ.